ನನ್ನ ಚರ್ಮದ ಊಟದ ಹೊತ್ತು

ಶ್ರುತಿ, ಪಾರಸ, ನನ್ನಂಥ ನಾಚಿಕೆಯವರಿಗೆ ಮಾತಿಗಿಂತ ಕಾಗದವೇ ವಾಸಿ. ನಿಮ್ಮಜ್ಜನಿಗೆ ಹೇಳಬೇಕಾದದ್ದನ್ನು ನಾನು ಬೆಕ್ಕಿಗೆ ಹೇಳಿ ಅವರ ಕಿವಿಗೆ ಬೀಳಿಸುತ್ತಿದ್ದೆ. ಅಂಥವಳ ಚರ್ಮ ನಮ್ಮೂರ ವಿಶ್ರಾಮಬಾಗ ಬಡಾವಣೆಯ ಪ್ರಯೋಗಶಾಲೆಯಲ್ಲಿ, ಗಾಜಿನ ತಟ್ಟೆಯೊಳಗೆ, ಕಂಡವರೆಲ್ಲ ನೋಡುವಂತೆ ಬೆಳೆಯಿತು.

ಪಾರಸ, ಅಂಗಿಯ ಹೊಲಿಗೆ ತಾಗಿದರೂ ನಿನ್ನ ಮೈ ಗುಳ್ಳೆ ಎದ್ದು ಸುಲಿಯುತ್ತದೆ. ನಿನ್ನ ರಕ್ತದಿಂದ, ಮೈಯ ಯಾವ ಭಾಗವಾಗಿಯಾದರೂ ಬೆಳೆಯಬಲ್ಲ ಕಾಂಡಕೋಶ ಮಾಡಿ, ಅವುಗಳಿಂದ ಕಾಳಿನಷ್ಟು ಚರ್ಮ ಬೆಳೆಸಿ, ಯಾವ ಔಷಧಿ ಹಿಡಿಯುತ್ತದೆಂದು ನೋಡುತ್ತಾರಂತೆ. ಹೋಲಿಸಲು ಮನೆಯವರದೇ ಗಟ್ಟಿ ಚರ್ಮ ಬೇಕಿತ್ತು. ಅಲ್ಲಿಯೇ ಕೆಲಸ ಮಾಡುವ ನಿಮ್ಮವ್ವ ಸುನಂದಾ, "ಅತ್ತಿ, ನಿಮ್ಮದಽ ಆಗಬೇಕ್ರಿ. ಬಿಸಿ ತವಾ ಬರಿಗೈಲೆ ಇಳಸ್ತೀರಿ" ಎಂದಳು.

ಸೂಜಿಗೆ ನಾನು ಹೆದರಲಿಲ್ಲ. ಆದರೆ ನಾವು ಸಣ್ಣ ಜೀವವೂ ಸಾಯಬಾರದೆಂದು ನೀರನ್ನೂ ಸೋಸಿ ಕುಡಿಯುವ, ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರು.

"ಕೆಲಸ ಮುಗದ ಮ್ಯಾಲೆ ಅದನ್ನೇನ ಮಾಡ್ತೀರಿ?"

"ಕತ್ತರಿಸಿ ನೋಡ್ತೀವ್ರಿ. ಉಳಿಯೂದಿಲ್ಲ."

"ಅದಕ್ಕ ಜೀವ ಐತೇನು?"

"ಐತ್ರಿ. ಮಿದುಳಿಲ್ಲ, ನೋವು ತಿಳಿಯೂದಿಲ್ಲ."

ಜೀವ ಇಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ನಾನು ನೆಮ್ಮದಿಯಿಂದ ನಂಬುತ್ತಿದ್ದೆ. ರಕ್ತ ಕೊಡಲೋ ಬೇಡವೋ ಎಂದು ಬಸದಿಯಲ್ಲಿ ಕುಳಿತು ಯೋಚಿಸಿದೆ. ಆ ಸಂಜೆ ನಿನ್ನ ಮೊಣಕಾಲಿನ ಪಟ್ಟಿ ಬಿಚ್ಚುವಾಗ ಚರ್ಮವೂ ಅದಕ್ಕಂಟಿ ಬಂತು. ನೀನು ಅಳಲಿಲ್ಲ. "ಆಜಿ, ಹಳೂ," ಎಂದೆ, ಮೆಲ್ಲಗೆ ಅಂತ ಮರಾಠಿಯಲ್ಲಿ, ಅಷ್ಟೇ. ಮರುದಿನ ನಾನೇ ಹೋಗಿ ಸೂಜಿಗೆ ತೋಳು ಚಾಚಿದೆ.

ತಿಂಗಳುಗಳ ಮೇಲೆ ಸುನಂದಾ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ತಿರುವಿ ಒಣಹಾಕಿದ ಕುಬಸದಂತೆ ಚರ್ಮದ ಮೇಲ್ಮೈ ಒಳಗೆ, ಕೂದಲ ಬೇರು ಹೊರಗೆ! ನನ್ನ ನೆತ್ತಿಯನ್ನು ಬಿಟ್ಟುಹೋದ ಕೂದಲು ಅಲ್ಲಿ ಹೊಸ ಸಂಸಾರ ಹೂಡಿತ್ತು.

"ಎಣ್ಣಿ ಯಾರು ಹಚ್ಚತೀರಿ?"

"ಎಣ್ಣಿ ಇಲ್ರಿ. ಸಕ್ಕರಿ, ಉಪ್ಪು ಎಲ್ಲಾ ಬೆರಸಿದ ನೀರು ಬದಲಿ ಮಾಡ್ತೀವಿ. ಅದಽ ಊಟ."

"ಯಾವಾಗ?"

"ರಾತ್ರಿ ಎಂಟಕ್ಕ."

"ಹೊತ್ತು ಮುಳಗಿದ ಮ್ಯಾಲೆ ನನ್ನ ಚರ್ಮಕ್ಕ ಉಣಸ್ತೀರಿ? ನಿಮಗ ಏನರೆ ತಿಳಿತೈತೋ ಇಲ್ಲೋ!"

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸುನಂದಾ ನಗಲಿಲ್ಲ. ಮರುದಿನದಿಂದ ಹೊತ್ತಿಳಿಯುವ ಮೊದಲೇ ಉಣಿಸಿದಳು.

ಕಳೆದ ವಾರ ಅದನ್ನು ಕತ್ತರಿಸಿದರು. ಔಷಧಿ ಇನ್ನೂ ಸಿಕ್ಕಿಲ್ಲ. ಪಾರಸ, ಅದರ ಪಕ್ಕಕ್ಕಿಟ್ಟು ನೋಡಿದಾಗ ನಿನ್ನ ಚರ್ಮ ಯಾವ ಪದರದಲ್ಲಿ ಬಿಡುತ್ತದೆಂದು ಮಾತ್ರ ಈಗ ಸ್ಪಷ್ಟವಾಗಿ ಕಾಣುತ್ತದಂತೆ. ಆ ದಿನ ನಾನು ಉಪವಾಸವಿದ್ದೆ. ಅದನ್ನು ಕಂಡು ಪಕ್ಕದ ಮನೆಯ ಶಾಂತಾಬಾಯಿ, "ಯಾರು ತೀರಿಕೊಂಡ್ರು?" ಎಂದು ಕೇಳಿದಳು.

"ನಾನಽ," ಎಂದೆ. "ಸ್ವಲ್ಪ."

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಶಾಂತಾಬಾಯಿಯ ಕೈಗೆ ಮಾತ್ರ ಕೊಡಬೇಡಿ. ಅಂದಿನಿಂದ ಆಕೆ ನನಗೇನೋ ದೊಡ್ಡ ಕಾಯಿಲೆಯೆಂದು ತಿಳಿದು ಬಿಸಿ ಬಿಸಿ ಗಂಜಿ ಕಳಿಸುತ್ತಿದ್ದಾಳೆ, ನಾನೂ ಉಣ್ಣುತ್ತಿದ್ದೇನೆ.