ಎಂಟು ಚಕ್ರದ ಉಬ್ಬಸ

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವನು ನಾನು. ಅದರಲ್ಲಿ ನನ್ನ ತಲೆಗೆ ಎಷ್ಟು ಹತ್ತಿದೆ ಎಂದು ಯಾರೂ ಪರೀಕ್ಷೆ ಮಾಡಲಿಲ್ಲ, ಅದು ನನ್ನ ಪುಣ್ಯ ಎಂದುಕೊಂಡಿದ್ದೆ. ನಿವೃತ್ತಿಯಾದ ಮೇಲೆ ಆ ಪರೀಕ್ಷೆಯೂ ಆಯಿತು, ಫೇಲಾದೆ. ಸುಮ್ಮನೆ ಫೇಲಾಗಿದ್ದರೆ ಬೇಸರವಿರಲಿಲ್ಲ. ಒಬ್ಬ ಒಳ್ಳೆಯ ಮನುಷ್ಯನನ್ನು ನೋಯಿಸಿ ಫೇಲಾದೆ.

ಎಲ್ಲಕ್ಕೂ ಕಾರಣ ಒಂದು ಗಾಡಿ. ನೆಲದ ಮೇಲೂ ಓಡುವ, ನೀರಿನಲ್ಲೂ ತೇಲಿಕೊಂಡು ಹೋಗುವ ಎಂಟು ಚಕ್ರದ ಹಳೆಯ ಗಾಡಿ. ಬೆಳ್ತಂಗಡಿ ಕಡೆ ಮುಚ್ಚಿಹೋದ ರೆಸಾರ್ಟಿನವರು ಮಾರುತ್ತಿದ್ದಾರೆಂದು ಕೇಳಿ, ನೋಡಿ ಬರಲು ಹೋದವನು ತಂದೇಬಿಟ್ಟೆ. ನಮ್ಮದು ಬಂಟ್ವಾಳದಲ್ಲಿ ನದಿದಂಡೆಯ ಮನೆ. ಕೆಲವು ವರ್ಷ ನೇತ್ರಾವತಿ ಅಂಗಳದವರೆಗೆ ಬಂದು ವಿಚಾರಿಸಿಕೊಂಡು ಹೋಗುತ್ತಾಳೆ. ಆದ್ದರಿಂದ ಇದು ಅಗತ್ಯದ ವಸ್ತು ಎಂದು ವಾದಿಸಿದೆ. ನನ್ನ ಹೆಂಡತಿ ಸುಮತಿ ಗಾಡಿಗೆ ಒಂದು ಸುತ್ತು ಬಂದು, "ದೋಣಿ ಬೇಕಾದ್ರೆ ದೋಣಿ, ಜೀಪು ಬೇಕಾದ್ರೆ ಜೀಪು. ಇದೆಂಥದ್ದು ಮಾರಾಯ್ರೆ, ಕಪ್ಪೆಯ ಹಾಗೆ?" ಎಂದಳು.

ಮೊದಮೊದಲು ಕಪ್ಪೆ ಚೆನ್ನಾಗಿಯೇ ಓಡಿತು. ಆಯುಧಪೂಜೆಗೆ ನಾನೇ ಕೂತು ಅಲಂಕಾರ ಮಾಡಿದೆ. ಮಾಲೆ ಹಾಕಿದೆ, ಕಂಡ ಕಂಡ ಸಂದಿಗೆಲ್ಲ ಗೊಂಡೆ ಹೂ ಸಿಕ್ಕಿಸಿದೆ. ಅದಾದ ಮರುದಿನದಿಂದ ಗಾಡಿಗೆ ಉಬ್ಬಸ. ಏರು ಕಂಡರೆ ನಿಲ್ಲುತ್ತದೆ, ಆಕ್ಸಿಲರೇಟರ್ ಒತ್ತಿದರೆ ಕೆಮ್ಮುತ್ತದೆ.

ಮೆಲ್ಕಾರಿನ ಮೆಕ್ಯಾನಿಕ್ ಹಮೀದನನ್ನು ಕರೆಸಿದೆ. ಎಂಟನೇ ಕ್ಲಾಸಿನಲ್ಲಿ ನನ್ನ ವಿದ್ಯಾರ್ಥಿ. ಈಗ ಅವನ ಗಡ್ಡವೂ ನೆರೆತಿದೆ. ಎಲ್ಲಿ ಸಿಕ್ಕಿದರೂ ನಾಲ್ಕು ಜನರಿಗೆ "ಇವರು ನಮ್ಮ ಮಾಸ್ಟ್ರು" ಎಂದು ಹೇಳಿಕೊಳ್ಳುವವನು. ಪ್ಲಗ್ಗು ಬದಲಿಸಿದ, ಬೆಲ್ಟು ನೋಡಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಉಬ್ಬಸ ಹೋಗಲಿಲ್ಲ.

"ಕಪ್ಪು ಹೊಗೆ ಬರ್ತದೆ ಮಾಸ್ಟ್ರೇ. ಇದಕ್ಕೆ ಗಾಳಿ ಸಾಕಾಗುದಿಲ್ಲ. ಆ ಮಾಲೆ ಒಮ್ಮೆ ತೆಗೀಬಹುದಾ? ಅದರಡಿ ನೋಡ್ಬೇಕಿತ್ತು."

"ಅದು ಪೂಜೆಯದ್ದು ಹಮೀದ್. ಮುಟ್ಟುವುದು ಬೇಡ, ತಾನಾಗಿ ಬಾಡಿ ಬೀಳಲಿ" ಎಂದೆ, ದೊಡ್ಡ ಭಕ್ತನ ಹಾಗೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ನೀರಿನಲ್ಲಿ ಏರಿಲ್ಲವಲ್ಲ ಎಂಬ ಧೈರ್ಯದಲ್ಲಿ ಆ ಸಂಜೆಯೇ ನೆರೆಕರೆಯವರ ಮುಂದೆ ಗಾಡಿಯನ್ನು ನೀರಿಗಿಳಿಸಿದೆ. ಅದು ನಾನು ತಿರುಗಿಸಿದ ಕಡೆಗೆ ಹೋಗದೆ ನದಿ ಹೋದ ಕಡೆಗೆ ಹೊರಟಿತು. ಹಮೀದನೇ ಸೊಂಟದವರೆಗೆ ನೀರಿಗಿಳಿದು ಹಗ್ಗ ಹಾಕಿ ಎಳೆದ. ಜನ ನಗುತ್ತಿದ್ದರು. ಆ ನಾಚಿಕೆಯಲ್ಲಿ ನನ್ನ ಬಾಯಿಂದ ಬಂದ ಮಾತು ಇದು: "ನೀನು ಬಿಚ್ಚಿದ ಮೇಲೆ ಒಳಗಿನ ಸಾಮಾನೆಲ್ಲ ಅದರದ್ದೇ ಉಂಟೋ, ಇಲ್ಲ ಬದಲಾಗಿದೆಯೋ?"

ಹಮೀದ್ ಒದ್ದೆ ಲುಂಗಿ ಹಿಂಡುತ್ತಿದ್ದವನು ನಿಲ್ಲಿಸಿದ. "ಬೇರೆ ಯಾರಿಗಾದ್ರೂ ತೋರಿಸಿ ಮಾಸ್ಟ್ರೇ" ಎಂದು ಹೊರಟುಹೋದ.

ವಾರದ ಮೇಲೆ ಸುಮತಿ ಒಣಗಿದ ಮಾಲೆ ಕಿತ್ತಳು. ಅದರಡಿಯ ಕೊಳವೆಯೊಳಗಿಂದ ಮುಷ್ಟಿಗಟ್ಟಲೆ ಗೊಂಡೆ ಹೂ ಎಳೆದು, "ಇದು ಯಾವ ದೇವರಿಗೆ?" ಎಂದು ಕೇಳಿದಳು. ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ! ಬಾಯಿ ಬೋಳಾಗಿ ಕಂಡಿತೆಂದು ಹೂದಾನಿಯ ಹಾಗೆ ತುಂಬಿಸಿದವನು ನಾನೇ. ಉರಿಯುವ ಮೇಣದಬತ್ತಿಗೆ ಗ್ಲಾಸು ಕವುಚಿ, ಗಾಳಿಯಿಲ್ಲದೆ ಬೆಂಕಿಯಿಲ್ಲ ಎಂದು ವರ್ಷ ವರ್ಷ ತೋರಿಸಿದವನೂ ನಾನೇ. ಹಮೀದನ ಕ್ಲಾಸಿನಲ್ಲಿ ನಾನು ಹೇಳಿದಾಗ ಎದ್ದು ಬಂದು ಆ ಗ್ಲಾಸು ಕವುಚಿದವನು ಅವನೇ. ಅವನು ಪಾಠ ಮರೆತಿರಲಿಲ್ಲ.

ಈಗ ಗಾಡಿ ಪ್ರವಾಹಕ್ಕೆ ಎದುರಾಗಿಯೂ ಹೋಗುತ್ತದೆ. ನನಗೆ ಮೆಲ್ಕಾರಿಗೆ ಹೋಗಲಿಕ್ಕೇ ಆಗುತ್ತಿಲ್ಲ. ಎರಡು ಸಲ ಹೊರಟು, ಎರಡು ಸಲವೂ ಬಾಳೆಹಣ್ಣು ಕೊಂಡು ವಾಪಸು ಬಂದೆ. ನಿನ್ನೆ ಅವನೇ ಫೋನ್ ಮಾಡಿದ. "ಮಾಸ್ಟ್ರೇ, ಗಾಡಿ ಸರಿಯಾಯ್ತಾ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ ಮಾರಾಯ, ಹಾಗೇ ಉಂಟು" ಎಂದುಬಿಟ್ಟೆ.

"ಹಾಗಾದ್ರೆ ನಾಳೆ ಬರ್ತೇನೆ. ಒಮ್ಮೆ ಪುನಃ ನೋಡುವ."

ಇನ್ನೇನು ಬರುತ್ತಾನೆ. ನಾನು ಬೆಳಿಗ್ಗೆಯೇ ಪೇಟೆಯಿಂದ ತಂದ ಗೊಂಡೆ ಹೂವನ್ನು ಕೊಳವೆಗೆ ತುಂಬಿಸಿ, ಮೇಲೆ ಮೊದಲಿನ ಹಾಗೆ ಮಾಲೆ ಹಾಕುತ್ತಿದ್ದೇನೆ. ತೆಗೀಬಹುದಾ ಎಂದು ಅವನು ಕೇಳಿದರೆ ಈ ಸಲ ತೆಗಿ ಎನ್ನುತ್ತೇನೆ, ಕಾಯಿಲೆ ಅವನ ಕೈಗೇ ಸಿಗಲಿ. ತಪ್ಪಾಯ್ತು ಎನ್ನುವಷ್ಟು ಪವರ್ ನನಗಿನ್ನೂ ಬಂದಿಲ್ಲ.