ರಾಕ್ಷಸರ ಡ್ರಮ್ಮು, ಬೀಜದ ಡ್ರಮ್ಮು

ಕಾಗದವನ್ನು ಕಾಪಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ದಾಂಡೇಲಿಯಲ್ಲಿ ಇಲ್ಲವೆಂದು ನಾನು ಬಹಳ ವರ್ಷ ನಂಬಿದ್ದೆ. ನಂಬದೆ ಏನು? ಪೇಪರ್ ಮಿಲ್ಲಿನ ಗೋದಾಮಿನಲ್ಲಿ ನೌಕರಿ. ಬೆಳಗಿನಿಂದ ಸಂಜೆಯವರೆಗೆ ಕಾಗದದ ನಡುವೆಯೇ ಓಡಾಟ. ಅಂಥವನ ಕೈಗೆ ತೊಂಬತ್ತರ ದಶಕದ ಆರಂಭದಲ್ಲಿ ಒಂದು ನಿಧಿ ಸಿಕ್ಕಿತು.

ಅರೆದು ಮತ್ತೆ ಕಾಗದ ಮಾಡಲೆಂದು ಪರದೇಶದಿಂದ ಬಂದ ರದ್ದಿಯ ಮೂಟೆಯೊಂದರಲ್ಲಿ ದಪ್ಪ ರಟ್ಟಿನ ಕೆಲವು ಪುಸ್ತಕಗಳಿದ್ದವು. ಮುಖಪುಟದ ಮೇಲೆ ಬೆಂಕಿ ಉಗುಳುವ ರೆಕ್ಕೆಯ ಸರ್ಪ. ಒಳಗೆ ಕೋಟೆ, ಸುರಂಗ, ಗಡ್ಡದ ಕುಳ್ಳರು. ಒಬ್ಬ ಕತೆ ಹೇಳುತ್ತ ಹೋಗಬೇಕು, ಉಳಿದವರು ಆ ಕತೆಯೊಳಗಿನ ವೀರರಾಗಬೇಕು, ಗೆದ್ದರೋ ಸತ್ತರೋ ದಾಳ ಹಾಕಿ ನೋಡಬೇಕು. ಹೀಗೆ ಮೇಜಿನ ಸುತ್ತ ಕುಳಿತು ಆಡುವ ಆಟದ ಪುಸ್ತಕಗಳು ಅವು. ಸಾಹೇಬರನ್ನು ಕೇಳಿ ಮನೆಗೆ ತಂದೆ.

“ಇದೇನ್ರಿ, ಮನೀಗೆ ರಾಕ್ಷಸರನ್ನ ಕರಕೊಂಡ ಬಂದೀರಿ?” ಎಂದಳು ನನ್ನ ಹೆಂಡತಿ ಗಿರಿಜಾ.

ತಿಂಗಳು ಕಳೆಯುವುದರೊಳಗೆ ಆ ರಾಕ್ಷಸರನ್ನು ನಮ್ಮೆಲ್ಲರಿಗಿಂತ ಹೆಚ್ಚು ಕೊಂದವಳು ಅವಳೇ!

ಮೂರನೆಯವನು ಗೆಳೆಯ ಪಾಂಡುರಂಗ, ಕುಂಬಾರವಾಡದ ಶಾಲೆಯ ಮಾಸ್ತರ. ರಜೆ ಸಿಕ್ಕಿ, ಬಸ್ಸೂ ಸಿಕ್ಕ ದಿನ ಬರುತ್ತಿದ್ದ. ಅರ್ಥವಾಗದ ಇಂಗ್ಲಿಷ್ ನಿಯಮಗಳ ಜಾಗದಲ್ಲಿ ನಾವೇ ಕನ್ನಡದ ನಿಯಮಗಳನ್ನು ಹುಟ್ಟಿಸಿಕೊಂಡೆವು. ಪಾಂಡು ಮೆಲ್ಲಗೆ ಕತೆ ಶುರು ಮಾಡಿದರೆ ಕ್ವಾರ್ಟರ್ಸಿನ ಗೋಡೆಗಳು ಎಲ್ಲಿಗೋ ಸರಿದುಹೋಗುತ್ತಿದ್ದವು. ಹಿತ್ತಲಾಚೆಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಹಾರಿದರೆ ಆ ರೆಕ್ಕೆಯ ಸದ್ದಿಗೆ ಮೂವರೂ ತಲೆ ತಗ್ಗಿಸುತ್ತಿದ್ದೆವು. ಕಾಳಿ ನದಿ ಹೆಸರಿಲ್ಲದ ದೇಶದ ಹೊಳೆಯಾಗಿ, ಅದರ ಮಂಜಿನಲ್ಲಿ ಯಾರದೋ ದೋಣಿ ತೇಲುತ್ತಿತ್ತು. ಮಿಲ್ಲಿನ ಭೋಂಗಾ ಕೂಗಿದಾಗಲೇ ನಾವು ಯಾರೆಂದು ನಮಗೆ ನೆನಪಾಗುತ್ತಿದ್ದುದು.

ಮಕ್ಕಳಾದರು. ಮೇಜಿನ ಮೇಲೆ ಹಾಲಿನ ಬಾಟಲಿ ಬಂತು. ಪುಸ್ತಕಗಳು ಕಪಾಟಿಗೆ, ಅಲ್ಲಿಂದ ಮಂಚದ ಕೆಳಗೆ ಹೋದವು. ಒಂದು ದಿನ ರಾಕ್ಷಸನೊಬ್ಬನ ಮೂಗಿನ ಮೇಲೆ ಗೆದ್ದಲು ಕಂಡಿತು. ನನ್ನೊಳಗಿನ ತಜ್ಞ ಎದ್ದು ಕುಳಿತ!

ಮುಚ್ಚಳವಿರುವ ನೀಲಿ ಡ್ರಮ್ಮು ತಂದೆ. ಪುಸ್ತಕಗಳಿಗೆ ಪ್ಲಾಸ್ಟಿಕ್ ಸುತ್ತಿದೆ, ನಡುನಡುವೆ ಬೇವಿನೆಲೆ ಹಾಕಿದೆ, ದಾಳಗಳನ್ನು ಪೌಡರ್ ಡಬ್ಬಿಗೆ ತುಂಬಿ ಒಳಗಿಟ್ಟೆ. ಮುಚ್ಚಳದ ಸುತ್ತ ಮೇಣ ಕರಗಿಸಿ ಸುರಿದೆ. ಮನೆಯಲ್ಲಿ ಜಾಗವಿರಲಿಲ್ಲವಾದ್ದರಿಂದ ಸಾಂಬ್ರಾಣಿಯಲ್ಲಿದ್ದ ಮಾವನ ಮನೆಗೆ ಸಾಗಿಸಿದೆ.

ಮಾವ ಬಸಪ್ಪನವರು ಡ್ರಮ್ಮಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಅಳಿಯಂದಿರ, ಇದರಾಗ ಗಾಳೀನೂ ಹೋಗಂಗಿಲ್ಲ ಬಿಡ್ರಿ. ನಮ್ಮ ಬಿತ್ತೂ ಭತ್ತಕ್ಕೂ ಹಿಂಗ ಮಾಡಿದ್ರ ಹೆಂಗ?”

ಹೊಗಳಿಕೆಗೆ ನಾನು ಉಬ್ಬಿಹೋದೆ. ಮುಂದಿನ ಸಲ ಅಂಥದೇ ನೀಲಿ ಡ್ರಮ್ಮು ಅವರಿಗೂ ಕೊಂಡೊಯ್ದು ಕೊಟ್ಟೆ. ಅಂದಿನಿಂದ ಅವರ ಬೀಜದ ಭತ್ತಕ್ಕೂ ಬೇವಿನೆಲೆ, ಮೇಣದ ಮರ್ಯಾದೆ ನಡೆಯಿತು.

ವರ್ಷಗಳು ಸರಿದವು. ಹೊಸ ಶತಮಾನ ಬಂತು, ಮನೆಗೆ ಫೋನೂ ಬಂತು. ಒಂದು ಬೇಸಿಗೆಯ ಕೊನೆಯಲ್ಲಿ ಜೊಯಿಡಾ ಬಸ್‌ಸ್ಟ್ಯಾಂಡಿನಲ್ಲಿ ಪಾಂಡು ಸಿಕ್ಕ. ತಲೆ ನರೆತಿತ್ತು.

“ವಸಂತರಾವ್, ಮನ್ನೆ ಕನಸಿನಾಗ ಆ ಸುರಂಗದಾಗ ಅಡ್ಡಾಡಿ ಬಂದೆ ನೋಡ್ರಿ,” ಎಂದ. “ಇನ್ನೊಂದ ಸಲ ಆಡೂಣೇನು?”

ಆ ಮಾತಿಗೆ ನನ್ನ ಕಣ್ಣು ಮಂಜಾಯಿತು. ಬರುವ ಭಾನುವಾರ ಎಂದು ನಿಶ್ಚಯಿಸಿದೆವು.

ಹಿಂದಿನ ದಿನವೇ ಗಿರಿಜಾಳೊಂದಿಗೆ ಸಾಂಬ್ರಾಣಿಗೆ ಹೋದೆ. ಮಾವ ಹೊಲದಲ್ಲಿದ್ದರು. ಕತ್ತಲೆಯ ಕೋಣೆಯಲ್ಲಿ ಅಕ್ಕಪಕ್ಕ ಕೂತಿದ್ದ ಎರಡು ನೀಲಿ ಡ್ರಮ್ಮುಗಳಲ್ಲಿ ಒಂದನ್ನು ತಬ್ಬಿ ಎತ್ತಿದೆ.

“ಅಪ್ಪಾರು ಬರ್ಲಿ ತಡೀರಿ,” ಎಂದಳು ಗಿರಿಜಾ. “ಒಳಗ ಸರ್ ಸರ್ ಅನ್ನಾಕತ್ತೈತಿ.”

“ಅದು ದಾಳದ ಸಪ್ಪಳ!” ಎಂದೆ ಗಂಭೀರವಾಗಿ.

ಹಿಂತಿರುಗುವಾಗ ಹಳಿಯಾಳದ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ: “ಏನೈತ್ರಿ ಇದರಾಗ?”

“ಪುಸ್ತಕ.”

“ಯಾವ ಕ್ಲಾಸಿನೂರಿ?”

“ರಾಕ್ಷಸರವು.”

ಆಮೇಲೆ ಆತ ನಮ್ಮ ಸೀಟಿನ ಕಡೆಗೇ ಬರಲಿಲ್ಲ.

ಭಾನುವಾರ ಬೆಳಿಗ್ಗೆಯೇ ಪಾಂಡು ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಮೇಣ ಕಲ್ಲಾಗಿತ್ತು. ಚಾಕು ಸೋತಿತು. ನಾನು ಒಲೆಯ ಮೇಲಿದ್ದ ಕುದಿಯುವ ನೀರಿನ ಪಾತ್ರೆ ತಂದೆ.

“ಬ್ಯಾಡ್ರಿ, ಒಳಗ ನೀರು ಹೊಕ್ಕೀತು!” ಗಿರಿಜಾ ಕೂಗಿದಳು.

“ಕಾಗದದ ವಿಷಯ ನನಗ ಬಿಡು,” ಎಂದು ಸುರಿದೆ. ಮೇಣ ಕರಗಿತು. ನೀರೂ ಕರಗಿದಂತೆ ಕಾಣೆಯಾಯಿತು. ಎಲ್ಲಿ ಹೋಯಿತೆಂದು ಆಗ ಯೋಚಿಸಲಿಲ್ಲ. ಮುಚ್ಚಳ ಎತ್ತಿದೆ.

ಭತ್ತ! ಹಬೆಯಾಡುತ್ತಿದ್ದ ಭತ್ತ!

ಪಾಂಡು ಬಗ್ಗಿ ಒಳಗೆ ಇಣುಕಿ ಮೆಲ್ಲಗೆ ಕೇಳಿದ: “ವಸಂತರಾವ್, ಪುಸ್ತಕ ಭಾಳ ದಿನ ಇಟ್ರ ಹಿಂಗ ಆಗ್ತಾವೇನು?”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಆ ಕಡೆ ಮಾವ. ಸಾಂಬ್ರಾಣಿಯ ಅಂಗಡಿಯೊಂದರಿಂದ ಮಾತಾಡುತ್ತಿದ್ದರು.

“ಅಳಿಯಂದಿರ, ಮಳಿ ಆಗಿ ಹೊಲಾ ಹದಕ್ಕ ಬಂದೈತಿ. ಎತ್ತು ಹೂಡಿ, ಕೂರಿಗಿ ಪೂಜಿ ಮಾಡಿ, ಕಾಯಿ ಒಡದು ಡ್ರಮ್ಮು ತಗದ್ರ ಒಳಗ ರೆಕ್ಕಿ ಇರೂ ಹಲ್ಲಿ ಕುಂತೈತ್ರಿ! ಆಳು ಮಂದಿ ಎಲ್ಲಾ ಕೈ ಮುಗದ ದೂರ ನಿಂತಾರ. ನಮ್ಮ ಬೀಜ ಎಲ್ಲೈತ್ರಿ?”

“ಇಲ್ಲೇ... ಬೆಚ್ಚಗ ಐತ್ರಿ ಮಾವಾರ,” ಎಂದೆ. ಅಂದು ನಾನಾಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ!

ಭತ್ತವನ್ನು ಚೀಲಕ್ಕೆ ಸುರಿದುಕೊಂಡು ಮೂವರೂ ಓಡಿದೆವು. ನಾವು ಹೊಲ ಮುಟ್ಟುವಷ್ಟರಲ್ಲಿ ಪಕ್ಕದ ಹೊಲದವರು ಬೀಜ ಕೊಟ್ಟು ಬಿತ್ತನೆ ಅರ್ಧಕ್ಕೆ ಬಂದಿತ್ತು. ಮಾವ ನನ್ನ ಚೀಲಕ್ಕೆ ಕೈ ಹಾಕಿದರು. ವರ್ಷವೆಲ್ಲ ಕಾಯ್ದು, ಆರಿಸಿ, ಒಣಗಿಸಿ ಇಟ್ಟ ಬೀಜ. ಒಂದು ಹಿಡಿ ತೆಗೆದು ಬಹಳ ಹೊತ್ತು ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

“ತಳದಾಗಿಂದು ಒಣಾ ಐತಿ, ನಡೀತೈತಿ,” ಎಂದರು ಕೊನೆಗೆ. “ಮ್ಯಾಲಿಂದು ಅರ್ಧಾ ಅನ್ನ ಆಗೇತಿ. ಒಂದ್ಚೂರು ಉಪ್ಪು ಹಾಕಿದ್ರ ಊಟಕ್ಕ ಕೂಡಬಹುದಿತ್ತು ನೋಡ್ರಿ.”

ಆಳುಗಳೆಲ್ಲ ನಕ್ಕರು. ಗಿರಿಜಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಬಿಸಿಲು ಇಳಿಯುವ ಹೊತ್ತಿಗೆ ಬಿತ್ತನೆ ಮುಗಿಯಿತು. ಆಳುಗಳು ಮನೆಗೆ ಹೋದರು. ಮಾವ ಮರದ ಕೆಳಗೆ ಕಂಬಳಿ ಹಾಸಿ, ಕೈ ಒರೆಸಿಕೊಂಡು, ನನ್ನ ಪುಸ್ತಕದ ಒಂದೊಂದೇ ಹಾಳೆ ಮಗುಚುತ್ತಿದ್ದರು. ಒಂದು ಹಾಳೆಯೂ ಕೆಟ್ಟಿರಲಿಲ್ಲ. ಹಸಿ ಮಣ್ಣಿನ ವಾಸನೆಯೊಳಗೆ ಹಳೆಯ ಕಾಗದದ ವಾಸನೆ ಬೆರೆತು ನಮಗೆಲ್ಲ ಒಂದು ಬಗೆಯ ಮಂಪರು.

“ಇದನ್ನ ಹೆಂಗ ಆಡ್ತಾರ?” ಎಂದರು ಮಾವ.

ನಾನು ಗಂಟಲು ಸರಿಮಾಡಿಕೊಂಡೆ. ಒಂದು ನಿಯಮವೂ ನೆನಪಿಗೆ ಬರಲಿಲ್ಲ. ಗಿರಿಜಾ ಎಲ್ಲವನ್ನೂ ಪಟಪಟನೆ ಹೇಳಿದಳು.

“ನೀವು ಯೋಧ ಆಗಬಹುದ್ರಿ, ಮಂತ್ರವಾದಿ ಆಗಬಹುದು,” ಎಂದ ಪಾಂಡು.

“ಒಕ್ಕಲಿಗ ಇಲ್ಲೇನ್ರಿ?”

ಪಾಂಡು ಪುಸ್ತಕ ತಿರುವಿದ. ಮುಚ್ಚಿದ. “ಇವತ್ತಿನಿಂದ ಐತ್ರಿ,” ಎಂದ.

ಕತೆ ಶುರುವಾಯಿತು. ಹೊಲದ ಬದುವು ಬೆಟ್ಟದ ಅಂಚಾಯಿತು. ದೂರದ ಮೋಡಗಳು ಕೋಟೆಯಾಗಿ ನಿಂತವು. ಗುಹೆಯ ಬಾಯಿಗೆ ಅಡ್ಡವಾಗಿ ಸರ್ಪ ಮಲಗಿತ್ತು. ನಾನು ಕತ್ತಿ ಹಿರಿದು ಮುನ್ನುಗ್ಗಿದೆ. ದಾಳ ಹಾಕಿದೆ. ಒಂದು ಬಿತ್ತು.

ಸತ್ತೆ.

ಮಾವ ಮುಂದೆ ಬಂದು ಸರ್ಪಕ್ಕೆ ಕೈಮುಗಿದರು. “ಯಪ್ಪಾ, ನೀ ಮಲಗಿದ್ದು ದಾರಿ ಮ್ಯಾಲ ಐತಿ. ಒಂದೀಟ ಸರದ ಮಲಕೋ, ನಾವು ದಾಟಿ ಹೋಗ್ತೀವಿ.” ದಾಳ ಉರುಳಿತು. ಆರು! ಸರ್ಪ ಸರಿದು ಮಲಗಿತು.

“ಹಂಗಲ್ರಿ ಮಾವಾರ, ನಿಯಮದ ಪ್ರಕಾರ...” ಎಂದು ನಾನು ಬಾಯಿ ತೆರೆದೆ.

“ಸತ್ತವ್ರು ಮಾತಾಡಂಗಿಲ್ರಿ,” ಎಂದಳು ಗಿರಿಜಾ, ಗುಹೆಯ ಕತ್ತಲಿನಿಂದ ಕಣ್ಣು ತೆಗೆಯದೆ. “ಸುಮ್ನ ಕುಂತು ಮಾಡೂದೇನು? ಎತ್ತಿಗೆ ನೀರು ಕುಡಿಸ್ಕೊಂಡ ಬರ್ರಿ.”

ಎದ್ದು ಎತ್ತುಗಳ ಹಗ್ಗ ಬಿಚ್ಚಿದೆ. ಅವು ನನ್ನನ್ನೊಮ್ಮೆ ನೋಡಿದವು. ಆಮೇಲೆ ತಾವಾಗಿಯೇ ಕೆರೆಯ ದಾರಿ ಹಿಡಿದವು. ನಾನು ಹಿಂದೆ ಹೋದೆ.