ನಾನೆಂದೂ ಕೊಳ್ಳದ ತಂಬಾಕು

ಕಳೆದ ಶ್ರಾವಣದ ಒಂದು ಮಂಗಳವಾರ, ಬೆಳಗಿನ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನಾನು ನಾಶಿಕದ ಸಾತಪುರದಲ್ಲಿರುವ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಕೈ ತೊಳೆಯುವ ನಲ್ಲಿಗಳಿಂದ ಎರಡು ಹೆಜ್ಜೆ ಈಚೆ, ಶರಣಪ್ಪಕಾಕಾ ಅವರ ಬೆನ್ನ ಹಿಂದೆ ನಿಂತಿದ್ದೆ. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ನಾನು ಇನ್‌ಸ್ಪೆಕ್ಷನ್ ವಿಭಾಗದವನು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬರೆದಿಡುವುದೇ ನನ್ನ ಕೆಲಸ. ಅಲ್ಲದೆ ಆ ದಿನ ನಾನು ಹೆದರಿದ್ದೆ. ಹೆದರಿದವನಿಗೆ ನಿಂತ ಜಾಗ ಮರೆಯುವುದಿಲ್ಲ.

ಅಂದು ಹಲ್ಲಿನ ಡಾಕ್ಟರೊಬ್ಬರು ಬಂದು ನಮ್ಮೆಲ್ಲರ ಬಾಯಿ ನೋಡುತ್ತಿದ್ದರು. ಶರಣಪ್ಪಕಾಕಾ ಭಾಲ್ಕಿ ಕಡೆಯವರು, ನಮ್ಮಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್‌ಗಳಲ್ಲಿ ಎಲ್ಲರಿಗಿಂತ ಹಿರಿಯರು. ನನಗೆ ರಕ್ತಸಂಬಂಧಿಯಲ್ಲ, ಬೀದರ ಜಿಲ್ಲೆಯಿಂದ ಬಂದವರಿಗೆಲ್ಲ ಅವರು ಕಾಕಾ. ಮೂರು ಬೆರಳು ಒಂದರ ಮೇಲೊಂದು ಬರುವಂತೆ ಹಿಡಿದು ಬಾಯೊಳಗೆ ಇಡಿ ಎಂದರು ಡಾಕ್ಟರ್. ಕಾಕಾನ ಎರಡು ಬೆರಳು ಹೋದವು, ಮೂರನೆಯದು ಹೊರಗೇ ಉಳಿಯಿತು. ನಮ್ಮ ವಿಭಾಗದಲ್ಲಿ ರಂಧ್ರ ಅಳೆಯಲು ಒಂದು ಗೇಜ್ ಇದೆ: ಒಳಗೆ ಹೋದರೆ ಪಾಸು, ಹೋಗದಿದ್ದರೆ ರಿಜೆಕ್ಟು. ಮನುಷ್ಯನ ಬಾಯಿಗೆ ಅವನ ಬೆರಳೇ ಗೇಜ್ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ನನ್ನ ಬೆರಳ ಜರಾ ದಪ್ಪ ಅವರಿ ಮ್ಯಾಡಮ್," ಎಂದರು ಕಾಕಾ.

ಡಾಕ್ಟರ್ ನಗಲಿಲ್ಲ. ಟಾರ್ಚ್ ಹಾಕಿ ಎಡಗೆನ್ನೆಯ ಒಳಗೆ ಬಹಳ ಹೊತ್ತು ನೋಡಿದರು. ಅಲ್ಲಿ ಉಗುರಿನಷ್ಟಗಲ ಬಿಳಿ ಕಲೆ. ಚೂರು ತೆಗೆದು ತಪಾಸಣೆ ಮಾಡಿಸಲೇಬೇಕು, ಇದು ಕ್ಯಾನ್ಸರ್ ಎಂದು ಹೇಳುತ್ತಿಲ್ಲ, ಅಲ್ಲ ಎಂದೂ ಹೇಳಲಾರೆ ಎಂದರು.

ಮುಂದಿನ ಪಾಳಿ ನನ್ನದು. ಮೂರೂ ಬೆರಳು ಹೋದವು. "ತಂಬಾಕು?" ಎಂದು ಕೇಳಿದರು. "ಇಲ್ಲ," ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ನಂಬಿಯೇ ಹೇಳಿದ್ದು. ಇಪ್ಪತ್ತೆರಡು ವರ್ಷಗಳಿಂದ ದಿನಾ ಹತ್ತು ಗಂಟೆಯ ಚಹಾದ ನಂತರ ಕಾಕಾ ಎಡ ಅಂಗೈಯಲ್ಲಿ ತಂಬಾಕು, ಸುಣ್ಣ, ಅಡಿಕೆಚೂರು ಹಾಕಿ, ಬಲಗೈ ಹೆಬ್ಬೆರಳಿನಿಂದ ತಿಕ್ಕಿ, ಮೂರು ಸಲ ತಟ್ಟಿ, ಸುತ್ತ ನಿಂತವರ ಮುಂದೆ ಚಾಚುತ್ತಿದ್ದರು. ಚಾಚಿದ ಅಂಗೈಯಿಂದ ಚಿಟಿಕೆ ತೆಗೆದುಕೊಳ್ಳದಿದ್ದರೆ ನಿಮ್ಮ ಕೈ ಹೊಲಸು ಎಂದಂತೆ. ನಾನು ಜನ್ಮದಲ್ಲಿ ಒಂದು ಪುಡಿಕೆ ಕೊಂಡವನಲ್ಲ. ಕೊಳ್ಳುವವನಿಗೆ ಚಟ, ನನ್ನದು ಬರೀ ಮರ್ಯಾದೆ ಎಂದುಕೊಂಡಿದ್ದೆ.

ಬಾಗಿಲ ತನಕ ಹೋಗಿದ್ದ ಕಾಕಾ ತಿರುಗಿ ನಿಂತರು. "ಇಂವ ಕೊಳ್ಳಾಂವ ಅಲ್ರಿ ಮ್ಯಾಡಮ್, ತಿನ್ನಾಂವ!"

ಡಾಕ್ಟರ್ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು.

ಕಾಕಾನ ಮಗಳು ಇರುವುದು ಸಂಭಾಜಿನಗರದಲ್ಲಿ. ಅಳಿಯನಿಗೆ ಅಲ್ಲೇ ಹತ್ತಿರದ ಬಿಡಕಿನ್‌ನಲ್ಲಿ ಕೆಲಸ. ಹಾಗಾಗಿ ತಪಾಸಣೆ ಅಲ್ಲಿಯೇ ಆಯಿತು. ರಿಪೋರ್ಟಿನ ದಿನ ನಾನೂ ರಜೆ ಹಾಕಿ ಜೊತೆಗೆ ಹೋದೆ. ಆಸ್ಪತ್ರೆಯ ಬೆಂಚಿನ ಮೇಲೆ ಒಂದೂವರೆ ತಾಸು ಕೂತಿದ್ದೆವು. ಅಷ್ಟೂ ಹೊತ್ತು ಕಾಕಾನ ಬಲಗೈ ಹೆಬ್ಬೆರಳು ಖಾಲಿ ಎಡ ಅಂಗೈಯನ್ನು ತಿಕ್ಕುತ್ತಲೇ ಇತ್ತು. ಅವರಿಗೆ ಅದು ಗೊತ್ತಿರಲಿಲ್ಲ. ಮಗಳು ನೋಡಿದಳು, ನಾನೂ ನೋಡಿದೆ.

ಕ್ಯಾನ್ಸರ್ ಅಲ್ಲ ಎಂದರು ಅಲ್ಲಿಯ ಡಾಕ್ಟರ್. ಆದರೆ ಮುಂದೆ ಆಗಬಹುದು; ಇವತ್ತು ಬಿಟ್ಟರೆ ಆ ಅಪಾಯ ಕಡಿಮೆಯಾಗುತ್ತದೆ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು.

ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ಇವತ್ತ ಅಂದ್ರ ಈಗಿಂದೋ, ಸಂಜಿಕಿಂದೋ?"

"ಈಗಿಂದ."

ಕಾಕಾ ಕಿಸೆಯಿಂದ ಪುಡಿಕೆ ತೆಗೆದರು, ಸುಣ್ಣದ ಡಬ್ಬಿ ತೆಗೆದರು, ಎರಡನ್ನೂ ಬಾಗಿಲ ಬಳಿಯ ಕಸದ ಬುಟ್ಟಿಗೆ ಹಾಕಿದರು. ದೇವರ ಮುಂದೆ ಆಣೆ ಮಾಡಿ, ಊರಿಗೆಲ್ಲ ಹೇಳಿ, ನಾಲ್ಕನೆಯ ದಿನ ಮತ್ತೆ ಶುರು ಮಾಡಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಾಕಾ ಹೇಳಿದ್ದು, "ನಡಿಯವ್ವಾ, ಊಟದ ಹೊತ್ತಾತು," ಇಷ್ಟೇ. ಮಗಳು ಅಳುತ್ತಲೇ ನಡೆದಳು.

ಸೋಮವಾರ ಹತ್ತು ಗಂಟೆಗೆ ಅಭ್ಯಾಸಬಲದಿಂದ ನಾವು ಐದಾರು ಜನ ಕಾಕಾನ ಲೇತ್ ಸುತ್ತ ಸೇರಿದೆವು. ಕಾಕಾ ಅಂಗೈ ತಿಕ್ಕಿದರು, ಮೂರು ಸಲ ತಟ್ಟಿದರು, ಚಾಚಿದರು. ನಾನು ನೋಡದೆಯೇ ಚಿಟಿಕೆ ತೆಗೆದು ಕೆಳತುಟಿಯ ಹಿಂದೆ ಇಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಅದು ಲೋಳೆಯಾಗಿ ಉಬ್ಬತೊಡಗಿತು. ಹುರಿದ ಅಗಸಿಬೀಜ, ಓಂಕಾಳು, ಸೈಂಧವ ಉಪ್ಪು! ನನ್ನ ತುಟಿ ಊದಿ, ಜೊಲ್ಲು ಅಂಗಿಯ ಮೇಲೆ ಇಳಿಯಿತು.

"ಅಗೀಬೇಕೋ ತಮ್ಮಾ, ಇಟ್ಕೊಬಾರದು!" ಎಂದು ಕಾಕಾ ನಕ್ಕರು. ಬಾಯಿ ಪೂರ್ತಿ ತೆರೆಯಲಾಗದವರು, ತೆರೆದಷ್ಟರಲ್ಲೇ ನಕ್ಕರು. ಕಾಕಾನ ಹೆಂಡತಿ, ನಮ್ಮೆಲ್ಲರ ಕಾಕು, ಕಟ್ಟಿಕೊಟ್ಟ ಡಬ್ಬಿಯಲ್ಲಿ ಅಂದಿನಿಂದ ಮೊಳಕೆ ಹೆಸರು, ಸೌತೆಕಾಯಿ ಬರತೊಡಗಿದವು. ಊಟವಾದ ಮೇಲೆ ಕಾಕಾ ಕಾಂಪೌಂಡ್ ಸುತ್ತ ನಡೆಯತೊಡಗಿದರು. ಯಾರಿಗೂ ಒಂದು ಮಾತು ಉಪದೇಶ ಮಾಡಲಿಲ್ಲ.

ಬಿಟ್ಟದ್ದು ಅವರು, ತಲೆ ಸಿಡಿದದ್ದು ನನ್ನದು. ಐದನೆಯ ದಿನ ಒಂದೇ ಅಳತೆಯನ್ನು ಮೂರು ಸಲ ತಪ್ಪು ಬರೆದೆ. ಮಧ್ಯಾಹ್ನ ಗೇಟಿನ ಹೊರಗಿನ ವಿಠ್ಠಲನ ಟಪರಿಗೆ, ಅಂದರೆ ಬೀಡಾ ಅಂಗಡಿಗೆ, ಹೋಗಿ, ಜೀವನದಲ್ಲಿ ಮೊದಲ ಬಾರಿಗೆ, ತಂಬಾಕು ಕೇಳಿದೆ.

"ಕೋಣತಾ?" ಎಂದ ವಿಠ್ಠಲ. ಯಾವುದು?

ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ತಿಂದದ್ದರ ಹೆಸರು ಗೊತ್ತಿರಲಿಲ್ಲ. "ಶರಣಪ್ಪಕಾಕಾ ಒಯ್ಯುತ್ತಿದ್ದದ್ದು," ಎಂದೆ.

ವಿಠ್ಠಲ ನನ್ನ ಕನ್ನಡಕ ನೋಡಿದ, ಕಿಸೆಯಲ್ಲಿದ್ದ ಮೈಕ್ರೋಮೀಟರ್ ನೋಡಿದ. "ನೀವೇ ಏನ್ರಿ! ಕನ್ನಡಕದ ಸಾಹೇಬ ಬರ್ತಾನ, ನನ್ನ ಹೆಸರಿಲೇ ಕೇಳ್ತಾನ, ಕೊಡಬ್ಯಾಡ ಅಂತ ಕಾಕಾ ಸೋಮವಾರನ ಹೇಳಿ ಹೋಗ್ಯಾರ," ಎಂದು ಮರಾಠಿ ಬೆರೆತ ಕನ್ನಡದಲ್ಲಿ ಹೇಳಿ, ಕಾಕಾ ಕೊಟ್ಟುಹೋಗಿದ್ದ ಕಾಗದದ ಒಂದು ಪೊಟ್ಟಣ ಮುಂದಿಟ್ಟ. ಅಗಸಿ.

ಇದನ್ನು ಕಂಡವರು ಇಬ್ಬರು. ಒಬ್ಬ ವಿಠ್ಠಲ, ಅವನಿದ್ದಾನೆ, ಟಪರಿಯೂ ಇದೆ. ಇನ್ನೊಬ್ಬರು ಕಾಂಪೌಂಡ್ ಸುತ್ತುತ್ತ ಗೇಟಿನ ಒಳಗೆ ನಿಂತು ನೋಡಿದ ಶರಣಪ್ಪಕಾಕಾ. ಅವರೂ ಇದ್ದಾರೆ, ಕಲೆ ಮಸುಕಾಗಿದೆ, ಮೂರನೆಯ ಬೆರಳು ಅರ್ಧ ಹೋಗುತ್ತದೆ, ಮೂರು ತಿಂಗಳಿಗೊಮ್ಮೆ ಸಂಭಾಜಿನಗರಕ್ಕೆ ತಪ್ಪದೆ ಹೋಗುತ್ತಾರೆ. ನಾನೂ ತಂಬಾಕು ಬಿಟ್ಟಿದ್ದೇನೆ. ಆದರೆ ಕರಾರುವಾಕ್ಕಾಗಿ ಹೇಳುವುದಾದರೆ, ಆ ಪೊಟ್ಟಣ ಮುಗಿದ ಮೇಲೂ ದಿನಾ ಹತ್ತು ಗಂಟೆಗೆ ಲೇತ್ ಬಳಿ ಹೋಗಿ ನಿಲ್ಲುತ್ತೇನೆ. ಅಗಸಿಯನ್ನೂ ನಾನು ಈವರೆಗೆ ಕೊಂಡಿಲ್ಲ.